ಆನೆಯ ಜೊತೆಗೆ ಯಾರು ಹೋಗುತ್ತಾರೆ?

ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹತ್ತಿ ಎಂಜಿಬಿಎಸ್‌ನಲ್ಲಿ ಇಳಿದು ಆಟೊ ಹಿಡಿದರೆ ಬಹದ್ದೂರ್‌ಪುರದ ನೆಹರೂ ಮೃಗಾಲಯ ಸಿಗುತ್ತದೆ. ಹೈದರಾಬಾದಿನಲ್ಲಿ ನೆಲೆಸಿದ ನಮ್ಮಂಥ ಕನ್ನಡದ ಮನೆಗಳಿಗೆ ಮಕ್ಕಳ ರಜೆ ಎಂದರೆ ಅಲ್ಲಿಗೊಂದು ಸುತ್ತು. ಗೇಟು ದಾಟಿದ ಕೂಡಲೇ ಮಕ್ಕಳು ಕೇಳುವುದು ಆನೆ ಎಲ್ಲಿ ಎಂದು.

1963ರ ಅಕ್ಟೋಬರ್ 6ರಂದು ಈ ಮೃಗಾಲಯ ಬಾಗಿಲು ತೆರೆದಾಗ, ನಗರದ ಬಾಗ್-ಎ-ಆಮ್ ಉದ್ಯಾನದಿಂದ ಬಂದ ಪ್ರಾಣಿಗಳಲ್ಲಿ ರಾಣಿ ಎಂಬ ಹೆಣ್ಣಾನೆಯೂ ಇದ್ದಳು. ಬೋನಾಲು, ಮೊಹರಂ ಎರಡೂ ಮೆರವಣಿಗೆಗಳಲ್ಲಿ ನಡೆದ ಅವಳು ಎಂಬತ್ತು ದಾಟಿ, 2021ರ ಜೂನ್‌ನಲ್ಲಿ ತೀರಿಕೊಂಡಳು. ಅವಳನ್ನು ಸ್ಥಳಾಂತರಿಸಿದ್ದು ಒಂದೇ ಊರಿನೊಳಗೆ, ಕೆಲವೇ ಮೈಲಿ. ಆನೆಗಳನ್ನು ಊರಿಂದೂರಿಗೆ ಸಾಗಿಸಿದ ಚರಿತ್ರೆಯಲ್ಲಿ ಇಂಥ ಸಣ್ಣ ಪಯಣಗಳು ಅಪರೂಪ.

ಆ ಚರಿತ್ರೆ ನಮ್ಮ ಕಡೆ ಶುರುವಾಗುವುದು ಖೆಡ್ಡಾದಿಂದ. 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ ಈ ಆನೆ ಹಿಡಿಯುವ ಪದ್ಧತಿ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. ಹಿಂಡು ಹಿಂಡಾಗಿ ಹಿಡಿದು ಒಂದೊಂದಾಗಿ ಹಂಚುತ್ತಿದ್ದರು. ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ. ಆಗ ಯಾರೂ ಇದನ್ನೊಂದು ಪ್ರಶ್ನೆಯಾಗಿ ಕಂಡಿರಲಿಲ್ಲ.

ಮೈಸೂರು ಸೀಮೆಯ ಒಂದು ಆನೆ ಜಪಾನಿಗೂ ಹೋಯಿತು. ಯುದ್ಧಕಾಲದಲ್ಲಿ, 1943ರಲ್ಲಿ, ಟೋಕಿಯೊದ ಉಯೆನೊ ಮೃಗಾಲಯದ ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ಆನೆ ಬೇಕೆಂದು ನೆಹರೂ ಅವರಿಗೆ ಪತ್ರ ಬರೆದರು. ನೆಹರೂ 1949ರಲ್ಲಿ ಕಳಿಸಿದ ಹೆಣ್ಣಾನೆಗೆ ಮಗಳ ಹೆಸರನ್ನೇ ಇಟ್ಟರು: ಇಂದಿರಾ. ಆದರೆ ಅವಳಿಗೆ ಅರ್ಥವಾಗುತ್ತಿದ್ದುದು ಕನ್ನಡದ ಮಾತು. ಜೊತೆಗೆ ಹೋದ ಮಾವುತರಿಂದ ಜಪಾನಿನ ಪಾಲಕರು ಆ ಮಾತುಗಳನ್ನು ಕಲಿಯಬೇಕಾಯಿತು. ಮಾವುತರು ಊರಿಗೆ ಮರಳಿದರು, ಇಂದಿರಾ 1983ರಲ್ಲಿ ಸಾಯುವವರೆಗೂ ಅಲ್ಲೇ ಉಳಿದಳು. ನನ್ನನ್ನು ಕಾಡುವುದು ಮಾವುತರು ಹೊರಟ ಮರುದಿನ. ತನ್ನ ನಾಡಿನ ಕೊನೆಯ ಮನುಷ್ಯನೂ ಹೊರಟುಹೋದಾಗ ಆನೆಗೆ ಏನು ತಿಳಿದಿರಬಹುದು?

ಇಂಥ ಸ್ಥಳಾಂತರ ಆನೆಗೆ ಏನು ಮಾಡುತ್ತದೆ ಎಂಬುದನ್ನು ಅಳೆದು ನೋಡುವ ಪ್ರಯತ್ನ ಬಹಳ ತಡವಾಗಿ ಬಂತು. ರಾಸ್ ಕ್ಲಬ್, ಜಾರ್ಜಿಯಾ ಮೇಸನ್ ಮತ್ತು ಸಂಗಡಿಗರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಯುರೋಪಿನ ಮೃಗಾಲಯಗಳ ದಾಖಲೆಗಳನ್ನು ಮುಂದಿಟ್ಟರು. ಮೃಗಾಲಯದಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಯ ಆಯಸ್ಸು ಸುಮಾರು 19 ವರ್ಷ. ಬರ್ಮಾದಲ್ಲಿ ಮರ ಎಳೆಯುವ ಆನೆಗೆ ಸುಮಾರು 42. ಇದಕ್ಕಿಂತ ಕಡಿಮೆ ಚರ್ಚೆಯಾದ ಮಾತೊಂದು ಅದೇ ಲೇಖನದಲ್ಲಿತ್ತು: ಒಂದು ಮೃಗಾಲಯದಿಂದ ಇನ್ನೊಂದಕ್ಕೆ ಸಾಗಿಸಿದ ಏಷ್ಯಾದ ಆನೆಗಳಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ, ಆ ಪರಿಣಾಮ ನಾಲ್ಕು ವರ್ಷ ಉಳಿಯುತ್ತದೆ. ಕಳಿಸುವವರೆಲ್ಲ ಮೊದಲು ಓದಬೇಕಾದದ್ದು ಇದನ್ನು.

ಮರುವರ್ಷ, 2009ರ ನವೆಂಬರ್‌ನಲ್ಲಿ, ನಮ್ಮ ಕೇಂದ್ರ ಮೃಗಾಲಯ ಪ್ರಾಧಿಕಾರ ದೊಡ್ಡ ಹೆಜ್ಜೆ ಇಟ್ಟಿತು. ಮೃಗಾಲಯ ಮತ್ತು ಸರ್ಕಸ್‌ಗಳ ಆನೆಗಳನ್ನೆಲ್ಲ ಅರಣ್ಯ ಇಲಾಖೆಯ ಬಿಡಾರಗಳಿಗೆ, ಪುನರ್ವಸತಿ ತಾಣಗಳಿಗೆ ಸಾಗಿಸಬೇಕೆಂದಿತು. ಅದರ ಹಿಂದೆ ಬೆಂಗಳೂರಿನ ಪ್ರಾಣಿ ಕಲ್ಯಾಣ ಸಂಸ್ಥೆ ‘ಕ್ಯೂಪಾ’ ಇತರರ ಜೊತೆಗೂಡಿ ನಡೆಸಿದ, ಸಾಕಾನೆಗಳ ಸ್ಥಿತಿಗತಿಯ ಅಧ್ಯಯನವಿತ್ತು. ಆಗ ಲೆಕ್ಕಕ್ಕೆ ಸಿಕ್ಕಿದ್ದು 26 ಮೃಗಾಲಯ, 16 ಸರ್ಕಸ್‌ಗಳ 140 ಆನೆಗಳು. ಆದೇಶ ಹೊರಟಷ್ಟು ಸಲೀಸಾಗಿ ಆನೆಗಳು ಹೊರಡಲಿಲ್ಲ. ಮೈಸೂರಿನಲ್ಲೂ ಹೈದರಾಬಾದಿನಲ್ಲೂ ಆನೆಗಳು ಉಳಿದವು.

ಒಂದೊಂದು ಆನೆಯ ವಿಷಯ ಮಾತ್ರ ನ್ಯಾಯಾಲಯಕ್ಕೆ ಹೋಗಿ ಇತ್ಯರ್ಥವಾಯಿತು. ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನಕ್ಕೆ ಕೊಟ್ಟಿದ್ದ ಸುಂದರ್ 2014ರಲ್ಲಿ ಬನ್ನೇರುಘಟ್ಟಕ್ಕೆ ಬಂದ. ಅಲ್ಲಿನ ವ್ಯವಸ್ಥೆಯೇ ಬೇರೆ. ರಾತ್ರಿ ಕಾಲಿನ ಸರಪಳಿ ಎಳೆದುಕೊಂಡು ಆನೆಗಳು ಕಾಡಿಗೆ ಮೇಯಲು ಹೋಗುತ್ತವೆ, ಬೆಳಿಗ್ಗೆ ಮಾವುತರು ಸರಪಳಿಯ ಜಾಡು ಹಿಡಿದು ಕರೆತರುತ್ತಾರೆ. ಕಾಡಿನ ಸಲಗಗಳ ಜೊತೆ ಕೂಡಿ ಹೆಣ್ಣಾನೆಗಳು ಮರಿ ಹಾಕುತ್ತವೆ. ಮೃಗಾಲಯದ ಆನೆಗೆ ಇದಕ್ಕಿಂತ ಒಳ್ಳೆಯ ಬದುಕನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಆದರೆ ಮರಿಗಳು ಹುಟ್ಟಿದಂತೆ ಜಾಗ ಸಾಲದಾಗುತ್ತದೆ. 2025ರ ಜುಲೈ 24ರಂದು ಸುರೇಶ, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಎಳೆಯ ಆನೆಗಳು ವಿಮಾನದಲ್ಲಿ ಜಪಾನಿನ ಹಿಮೇಜಿಗೆ ಹೋದವು. ತುಳಸಿಗೆ ಐದು ವರ್ಷ. ಬದಲಿಗೆ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿ ಬರಬೇಕೆಂಬ ಒಪ್ಪಂದ.

ಈ ಸಲ ತಯಾರಿ ಇಂದಿರಾಳ ಕಾಲದಂತಿರಲಿಲ್ಲ. ಆರು ತಿಂಗಳು ಆನೆಗಳನ್ನು ಪೆಟ್ಟಿಗೆಯೊಳಗೆ ಹೊಕ್ಕು ನಿಲ್ಲಲು ಪಳಗಿಸಿದರು. ನಾಲ್ಕೂ ಒಟ್ಟಿಗೆ ಹೋದವು ಎಂಬುದು ನನಗೆ ಸಮಾಧಾನ ತಂದ ಸಂಗತಿ. ಜೊತೆಗೆ ಹೋದ ನಮ್ಮ ಪಾಲಕರು ಮಾತ್ರ ಸುಮಾರು ಎರಡು ವಾರದ ಮಟ್ಟಿಗೆ ಹೋದವರು. ಐದು ವರ್ಷದ ಮರಿಯನ್ನು ತಾಯಿಯ ಹಿಂಡಿನಿಂದ ಬಿಡಿಸುವುದನ್ನು ಯಾವ ಒಪ್ಪಂದದ ಹೆಸರಿನಲ್ಲೂ ನಾನು ಒಪ್ಪಲಾರೆ.

ಅದೇ ತಿಂಗಳು, ಗಡಿಯಾಚೆಯ ನಾಂದಣಿಯ ಜೈನ ಮಠದಲ್ಲಿ ಮೂರು ದಶಕ ಕಳೆದ ಮಹಾದೇವಿ ಎಂಬ ಹೆಣ್ಣಾನೆಯನ್ನು ನ್ಯಾಯಾಲಯದ ತೀರ್ಪಿನಂತೆ ಗುಜರಾತಿನ ಪ್ರಾಣಿ ಆರೈಕೆ ಕೇಂದ್ರ ವನತಾರಾಕ್ಕೆ ಒಯ್ದರು. ಹೈದರಾಬಾದಿನ ಮೊಹರಂ ಮೆರವಣಿಗೆಗೆ ಅವಳನ್ನು ಕರೆತರುತ್ತಿದ್ದುದೂ ಆ ಮೊಕದ್ದಮೆಯಲ್ಲಿ ಬಂದಿತ್ತು. ಅವಳ ಪಾದ, ಕೀಲುಗಳ ನೋವು ನಿಜ. ಕಳಿಸಿಕೊಟ್ಟು ಅತ್ತ ಊರಿನವರ ಪ್ರೀತಿಯೂ ನಿಜ. ಜನ ಬೀದಿಗಿಳಿದ ಮೇಲೆ ನಾಂದಣಿಯ ಹತ್ತಿರವೇ ಆರೈಕೆ ಕೇಂದ್ರ ಕಟ್ಟುವ ಪ್ರಸ್ತಾಪ ಬಂತು. ಅದು ಮೊದಲೇ ಬಂದಿದ್ದರೆ!

ಆನೆ ಹೋದ ಮೇಲೆ ಉಳಿಯುವ ಜಾಗದ ಕಥೆ ಚಿಕ್ಕದು. ಲಂಡನ್ ಮೃಗಾಲಯ 2001ರಲ್ಲಿ ತನ್ನ ಆನೆಗಳನ್ನು ವಿಪ್ಸ್‌ನೇಡ್‌ಗೆ ಕಳಿಸಿತು, ಅವುಗಳ ಕಾಂಕ್ರೀಟ್ ಮನೆ ಉಳಿಯಿತು. ಚಳಿ ನಾಡು ಆನೆಗೆ ತಕ್ಕದ್ದಲ್ಲವೆಂದು ಡೆಟ್ರಾಯಿಟ್ 2005ರಲ್ಲಿ ವಿಂಕಿ, ವಾಂಡಾರನ್ನು ಕ್ಯಾಲಿಫೋರ್ನಿಯಾದ ಆಶ್ರಯಧಾಮಕ್ಕೆ ಕಳಿಸಿ, ಆ ಜಾಗವನ್ನು ಘೇಂಡಾಮೃಗಗಳಿಗೆ ಕೊಟ್ಟಿತು.

ಹೈದರಾಬಾದಿಗೆ ನಾನು ಬಯಸುವುದು ಇನ್ನೂ ಸರಳ. ಈಗಿರುವ ಆನೆಗಳು ತಮ್ಮ ಮಾವುತರ ಜೊತೆ, ಒಂದನ್ನೊಂದು ಬಿಡದೆ ಇಲ್ಲೇ ಮುದಿಯಾಗಲಿ. ಹೊಸ ಮರಿ ತರುವುದು ಬೇಡ. ಸಾಕಾನೆ ಸಾಗಣೆಗೆ 2024ರ ಮಾರ್ಚ್‌ನಲ್ಲಿ ಬಂದ ಹೊಸ ನಿಯಮ, ದಾರಿಯಲ್ಲಿ ಮಾವುತನೂ ಅವನ ಸಹಾಯಕನೂ ಆನೆಯ ಜೊತೆಗಿರಬೇಕು ಎನ್ನುತ್ತದೆ. ಲಾರಿಯಿಂದ ಆನೆ ಇಳಿದ ಮೇಲೂ, ಹೊಸ ನೆಲದ ಮೊದಲ ನಾಲ್ಕು ವರ್ಷ, ಅವರಿಬ್ಬರೂ ಅಲ್ಲೇ ಇರಬೇಕು ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸಬೇಕು.