ಖುಷ್ಕಿ, ತರಿ, ಬಾಗಾಯ್ತು: ನಾಲ್ಕು ತಾಲ್ಲೂಕುಗಳ ನೀರು ನೆಲದ ಚರಿತ್ರೆ



ಚರಿತ್ರೆ ಎಂದ ಕೂಡಲೇ ನಮಗೆ ರಾಜರು, ಯುದ್ಧಗಳು, ಕೋಟೆಗಳು ನೆನಪಾಗುತ್ತವೆ. ಮನೆಯ ಟ್ರಂಕಿನಲ್ಲಿರುವ ಹಳೆಯ ಪಹಣಿಯೂ ಒಂದು ಚರಿತ್ರೆಯ ಪುಸ್ತಕವೇ. ಅದನ್ನೊಮ್ಮೆ ತೆಗೆದು ನೋಡಿ. ಖುಷ್ಕಿ, ತರಿ, ಬಾಗಾಯ್ತು, ಖರಾಬು ಎಂಬ ಪದಗಳು ಕಾಣುತ್ತವೆ. ಉರ್ದು ಬಲ್ಲವರಿಗೆ ಇವುಗಳ ಅರ್ಥ ಹೇಳಬೇಕಾಗಿಲ್ಲ. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆ, ಬಾಗ್ ಎಂದರೆ ತೋಟ, ಖರಾಬ್ ಎಂದರೆ ಕೆಟ್ಟದ್ದು. ಪಾರ್ಸಿ, ಅರಬ್ಬಿಯಿಂದ ಬಂದ ಈ ಪದಗಳನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ರೈತರು ಅಚ್ಚ ಕನ್ನಡದ ಪದಗಳಂತೆಯೇ ಬಳಸುತ್ತಾರೆ. ನೀರು ಎಲ್ಲಿತ್ತು, ಎಲ್ಲಿರಲಿಲ್ಲ ಎಂಬ ಲೆಕ್ಕ ಈ ಪದಗಳಲ್ಲಿದೆ.

ಈ ನಾಲ್ಕು ತಾಲ್ಲೂಕುಗಳು ಕೊಡಗು ಮತ್ತು ವಯನಾಡಿನ ಮಲೆನಾಡಿಗೂ ಮೈಸೂರಿನ ಬಯಲಿಗೂ ನಡುವೆ ಇವೆ. ಪಡುವಣದಿಂದ ಮೂಡಣಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಆದರೆ ಬೆಟ್ಟದಲ್ಲಿ ಬಿದ್ದ ಮಳೆಯನ್ನು ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು ಬಯಲಿಗೆ ಹೊತ್ತು ತರುತ್ತವೆ. ನಮ್ಮ ಹಿರಿಯರು ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದರು. ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ, ಕಾವೇರಿಗೆ ಚುಂಚನಕಟ್ಟೆಯ ಆಸುಪಾಸಿನಲ್ಲಿ ಅಣೆಗಳನ್ನು ಕಟ್ಟಿ, ನಾಲೆಗಳಿಂದ ಹೊಲಗಳಿಗೆ ನೀರು ಹರಿಸಿದರು. ಹೊಳೆಯ ನೀರು ಏರದ ಕಡೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತಿತ್ತು. ತೂಬು ತೆಗೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ನೀರುಗಂಟಿಯ ಕೆಲಸವಾಗಿತ್ತು. ಹೀಗೆ ಖುಷ್ಕಿ ತರಿಯಾಯಿತು.

ನೀರಿಗೂ ಜಮೀನಿನ ಹಕ್ಕಿಗೂ ಇರುವ ನಂಟನ್ನು ತೋರಿಸುವ ಒಂದು ಪಾರ್ಸಿ ಶಾಸನ ಕನ್ನಂಬಾಡಿಯಲ್ಲಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿಯ ಕಾಲದಲ್ಲಿ ಅದು ದೊರೆಯಿತು. ಕಾವೇರಿಗೆ ಅಣೆಕಟ್ಟು ಕಟ್ಟಲು ಟಿಪ್ಪು ಸುಲ್ತಾನರು ಅಡಿಪಾಯ ಹಾಕಿದ ಸಂಗತಿ ಅದರಲ್ಲಿದೆ. ಆ ನೀರಿನಿಂದ ಹೊಸದಾಗಿ ಸಾಗು ಮಾಡುವವರಿಗೆ ಕಂದಾಯದಲ್ಲಿ ಕಾಲು ಭಾಗ ಮಾಫಿ, ಆ ಜಮೀನು ಅವರ ವಂಶಕ್ಕೇ ಉಳಿಯಬೇಕು ಎಂಬ ಆದೇಶವೂ ಇದೆ. ಆ ಅಣೆಕಟ್ಟು ಆಗ ಪೂರ್ಣಗೊಳ್ಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸುಮಾರು 49 ಟಿಎಂಸಿ ಸಾಮರ್ಥ್ಯದ ಜಲಾಶಯ ಎದ್ದು ನಿಂತಿತು. ಅದೇ ಅರಸರ ಹೆಸರಿನಲ್ಲಿ, ಕಾವೇರಿಯ ನೆರೆಗೆ ಸಿಕ್ಕುತ್ತಿದ್ದ ಹಳೆಯ ಎಡತೊರೆಯಿಂದ ಸ್ವಲ್ಪ ದೂರದಲ್ಲಿ, ಕೃಷ್ಣರಾಜನಗರ ಎಂಬ ಹೊಸ ಊರು ಬೆಳೆಯಿತು.

ಸ್ವಾತಂತ್ರ್ಯದ ನಂತರ ಬದಲಾವಣೆಯ ವೇಗ ಹೆಚ್ಚಿತು. ಹೆಗ್ಗಡದೇವನಕೋಟೆ ಸೀಮೆ ಒಂದರಲ್ಲೇ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಾದವು. 1974ರಲ್ಲಿ ಮುಗಿದ ಕಬಿನಿಯ ಸಾಮರ್ಥ್ಯ 19.52 ಟಿಎಂಸಿ. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ನೆಲ ಅದರ ಹಿನ್ನೀರಿಗೆ ಸೇರಿತು. ಹಲವು ಹಳ್ಳಿಗಳು ಮುಳುಗಿದವು. ಕಾಡನ್ನೇ ನಂಬಿದ್ದ ಜೇನುಕುರುಬರು, ಕಾಡುಕುರುಬರು ಅಣೆಕಟ್ಟಿನಿಂದಲೂ ಅಭಯಾರಣ್ಯದಿಂದಲೂ ನೆಲೆ ಕಳೆದುಕೊಂಡರು. ನೀರು ಮಾತ್ರ ಬಹುಮಟ್ಟಿಗೆ ನಂಜನಗೂಡಿನತ್ತ ಇಳಿದುಹೋಯಿತು. ನೆಲ ಕೊಟ್ಟವರು ಒಬ್ಬರು, ನೀರು ಪಡೆದವರು ಇನ್ನೊಬ್ಬರು. ಇತ್ತ ಕೊಡಗಿನ ಹಾರಂಗಿ ಜಲಾಶಯ 1982ರಲ್ಲಿ ಪೂರ್ಣಗೊಂಡು, ಅದರ ನಾಲೆಗಳು ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರದ ಕಡೆಗೆ ಬಂದವು.

ಕಾಡೂ ಹೊಲವಾಯಿತು. 1961ರಲ್ಲಿ ಬೈಲಕುಪ್ಪೆಯಲ್ಲಿ, 1972ರಲ್ಲಿ ಹುಣಸೂರಿನ ಗುರುಪುರದಲ್ಲಿ ಟಿಬೆಟಿನ ನಿರಾಶ್ರಿತರು ಕಾಡು ಕಡಿದು ಸಾಗು ಆರಂಭಿಸಿದರು. ನಂತರದ ದೊಡ್ಡ ಬದಲಾವಣೆ ವರ್ಜೀನಿಯಾ ತಂಬಾಕಿನದು. ಮಳೆಯಾಶ್ರಯದ ಖುಷ್ಕಿಯಲ್ಲಿ ರಾಗಿ, ಜೋಳದ ಜಾಗಕ್ಕೆ ಅದು ಬಂದಿತು. ರೈತನ ಕೈಗೆ ಕಾಸು ತಂದಿತು, ನಿಜ. ಆದರೆ ಎಲೆ ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು. ಮರ ಹೋದ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿ ಕೆರೆಗೆ ಇಳಿಯುತ್ತದೆ. ಹೂಳು ತುಂಬಿದಷ್ಟೂ ಕೆರೆಯಲ್ಲಿ ನೀರಿಗೆ ಜಾಗ ಕಡಿಮೆ. ಆಗ ಎಲ್ಲರ ಕಣ್ಣೂ ಬೋರ್‌ವೆಲ್‌ ಕಡೆಗೆ ತಿರುಗುತ್ತದೆ.

ಈ ಬದಲಾವಣೆಯನ್ನು ಈಗ ಆಕಾಶದಿಂದಲೂ ನೋಡಬಹುದು. 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು, 1988ರಿಂದ ನಮ್ಮ ದೇಶದ ಐಆರ್‌ಎಸ್ ಉಪಗ್ರಹಗಳು ಭೂಮಿಯ ಚಿತ್ರ ತೆಗೆಯುತ್ತಾ ಬಂದಿವೆ. ಇಸ್ರೋದ ಭುವನ್ ತಾಣದಲ್ಲಿ ವಿದ್ಯಾರ್ಥಿಗಳೂ ತಮ್ಮ ಊರನ್ನು ಕಾಣಬಹುದು. ತಜ್ಞರು ಬಳಸುವ ಒಂದು ಬಗೆಯ ಚಿತ್ರದಲ್ಲಿ ಹಸಿರು ಕೆಂಪಾಗಿ, ನೀರು ಕಪ್ಪುನೀಲಿಯಾಗಿ ಕಾಣುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ಏಪ್ರಿಲ್ ತಿಂಗಳ ಚಿತ್ರವನ್ನು ಇನ್ನೊಂದು ವರ್ಷದ ಏಪ್ರಿಲ್ ಚಿತ್ರದೊಡನೆಯೇ ಹೋಲಿಸಬೇಕು. ಕಬಿನಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಅಲ್ಲಿ ಹುಲ್ಲು ಚಿಗುರಿ ಆನೆಗಳು ಮೇಯುತ್ತವೆ. ಅದನ್ನು ಮಳೆಗಾಲದ ಚಿತ್ರದ ಪಕ್ಕದಲ್ಲಿಟ್ಟರೆ ಜಲಾಶಯವೇ ಬತ್ತಿಹೋಯಿತೆಂದು ತೋರುತ್ತದೆ. ಜೊಂಡು ಬೆಳೆದ ಕೆರೆ ಕೂಡ ಗದ್ದೆಯಂತೆ ಕೆಂಪಾಗಿಯೇ ಕಾಣುತ್ತದೆ. ಅದು ಕೆರೆಯೋ ಗದ್ದೆಯೋ ಎಂಬುದನ್ನು ಊರಿನ ಹಿರಿಯರನ್ನೇ ಕೇಳಿ ತಿಳಿಯಬೇಕು.

ಕೊನೆಯದಾಗಿ ಖರಾಬಿನ ಮಾತು. ಹೊಲಗಳ ನಡುವೆ ಹಾಯುವ ಹಳ್ಳ, ಕಾಲುವೆ, ಬಂಡಿದಾರಿಗಳು ಪಹಣಿಯಲ್ಲಿ ಖರಾಬು ಎಂದು ದಾಖಲಾಗುತ್ತವೆ. ಸಾಗುವಳಿಗೆ ಬಾರದ, ಕಂದಾಯವಿಲ್ಲದ ನೆಲ ಎಂದು ಇದರರ್ಥ. ಅದರಲ್ಲಿ ‘ಬ’ ಖರಾಬು ಸಾರ್ವಜನಿಕರ ಸ್ವತ್ತು. ಕೆಟ್ಟದ್ದೆಂದು ಹೆಸರಿಟ್ಟ ಈ ನೆಲವೇ ಕೆರೆಗೆ ನೀರು ತರುವ ದಾರಿ. ಅದನ್ನು ಉತ್ತು ಒತ್ತುವರಿ ಮಾಡಿದರೆ ಎಷ್ಟು ಮಳೆ ಬಂದರೂ ಕೆರೆ ತುಂಬದು, ಕೆಳಗಿನ ತರಿ ಮತ್ತೆ ಖುಷ್ಕಿಯಾಗುತ್ತದೆ.

ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಇಂದು ಸರಗೂರು, ಸಾಲಿಗ್ರಾಮ ಎಂಬ ಹೊಸ ತಾಲ್ಲೂಕುಗಳೂ ಆಗಿವೆ. ಗಡಿ ಬದಲಾದರೂ ನೀರಿನ ದಾರಿ ಬದಲಾಗದು. ಆದ್ದರಿಂದ ಓದುಗರೇ, ಈ ಬೇಸಿಗೆ ರಜೆಯಲ್ಲಿ ನಿಮ್ಮ ಮಕ್ಕಳ ಕೈಗೆ ಊರಿನ ನಕಾಶೆ ಕೊಡಿ. ಕೆರೆ ಯಾವುದು, ಅದಕ್ಕೆ ನೀರು ಬರುವ ಹಳ್ಳ ಯಾವುದು, ಅದು ಈಗ ತೆರೆದಿದೆಯೇ ಎಂದು ನಡೆದು ನೋಡಿ ಬರೆದಿಡಲಿ. ನಾಳೆ ಒತ್ತುವರಿಯ ಪ್ರಶ್ನೆ ಬಂದಾಗ ಆ ಬರಹವೇ ಊರಿಗೆ ಸಾಕ್ಷಿಯಾಗುತ್ತದೆ.