ಯೆಜ್ಡಿ ಕ್ಲಚ್ಚಿನ ಮೈಸೂರು ವಿದ್ಯೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ತಯಾರಾದ ಜಾವಾ ಬೈಕು 1973ರಿಂದ ಯೆಜ್ಡಿ ಎಂಬ ಹೆಸರು ಹೊತ್ತಿತು. ಊರಿಗೆ ಬೈಕಿನ ಜೊತೆಗೆ ಒಂದು ರಿಪೇರಿ ವಿದ್ಯೆಯೂ ದಕ್ಕಿತು. ಅದರ ಕಠಿಣ ಪಾಠ ಇದ್ದದ್ದು ಇಂಜಿನ್ನಿನ ಎಡಗಡೆ, ಕ್ಲಚ್ ಕವರಿನೊಳಗೆ.

ಹಳೆಯ ಜಾವಾಗಳಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಗೇರ್ ಒತ್ತಿದರೆ ಕೈ ಹಿಡಿಯದೆಯೇ ಕ್ಲಚ್ ಬಿಡುತ್ತಿತ್ತು. ಹೀಗಾಗಿ ಒಂದೇ ಹೊಂದಿಕೆ ಕೈಗೂ ಕಾಲಿಗೂ ಒಪ್ಪಬೇಕಿತ್ತು. ಕೇಬಲ್ ತೀರಾ ಬಿಗಿಯಾದರೆ ಪ್ಲೇಟು ಜಾರಿ ಸುಡುತ್ತಿತ್ತು. ತೀರಾ ಸಡಿಲವಾದರೆ ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ತೆವಳುತ್ತಿತ್ತು, ನ್ಯೂಟ್ರಲ್ ಸಿಗುತ್ತಿರಲಿಲ್ಲ.

ಕೇಬಲ್ ಸರಿಮಾಡಿದರೂ ತೆವಳುವ ಗಾಡಿಯ ಕವರ್ ಬಿಚ್ಚಲೇಬೇಕು. ಪ್ರೈಮರಿ ಚೈನಿಗೆ ಬಿಚ್ಚುವ ಕೊಂಡಿಯಿಲ್ಲ. ಆದ್ದರಿಂದ ಕ್ರ್ಯಾಂಕಿನ ಸ್ಪ್ರಾಕೆಟ್ಟು, ಚೈನು, ಕ್ಲಚ್ ಡ್ರಮ್ಮು ಮೂರನ್ನೂ ಒಟ್ಟಿಗೆ ಎಳೆಯಬೇಕು. ನಟ್ಟು ಬಿಚ್ಚುವಾಗ, ಪ್ಲೇಟುಗಳು ಕೂರುವ ನಡುವಿನ ಹಬ್ಬು ತಿರುಗದಂತೆ ಹಿಡಿಯಲು, ಗ್ಯಾರೇಜಿನವರು ಸವೆದ ಸ್ಟೀಲ್ ಪ್ಲೇಟಿಗೆ ಕಬ್ಬಿಣದ ಹಿಡಿ ಬೆಸೆದುಕೊಳ್ಳುತ್ತಾರೆ. ಹಬ್ಬಿನ ಹಲ್ಲುಗಳ ಮೇಲೆ ಉಗುರು ಎಳೆದರೆ ಕಾಯಿಲೆ ತಿಳಿಯುತ್ತದೆ: ಪ್ಲೇಟುಗಳು ಬಡಿದು ಬಡಿದು ಕಚ್ಚು ಮೂಡಿದ್ದರೆ ಉಗುರು ತಡೆಯುತ್ತದೆ. ಆ ಕಚ್ಚಿನಲ್ಲಿ ಸಿಕ್ಕಿಕೊಂಡ ಪ್ಲೇಟು ಬಿಟ್ಟುಕೊಳ್ಳುವುದಿಲ್ಲ. ಸಣ್ಣದಿದ್ದರೆ ಅರ ಆಡಿಸಿ ಸಮ ಮಾಡಬಹುದು. ಆಳವಾಗಿದ್ದರೆ ಹಬ್ಬು ಬದಲಿಸಬೇಕು.

ಜೋಡಣೆಯಲ್ಲಿ ಎಡವುವವರೇ ಹೆಚ್ಚು. ವಾಷರುಗಳ ಕ್ರಮ ತಪ್ಪಿದರೆ ನಟ್ಟು ಬಿಗಿದೊಡನೆ ಡ್ರಮ್ಮು ಕಚ್ಚಿಕೊಳ್ಳುತ್ತದೆ. ಬಿಗಿದ ಮೇಲೂ ಅದು ಕೈಯಲ್ಲಿ ಹಗುರಾಗಿ ತಿರುಗಬೇಕು. ಲಾಕ್ ವಾಷರಿನ ಅಂಚನ್ನು ನಟ್ಟಿನ ಮೇಲೆ ಮಡಚದಿದ್ದರೆ ನಟ್ಟು ಸಡಿಲಗೊಂಡು, ಶಾಫ್ಟಿನ ಮೇಲಿನ ಹಲ್ಲುಗಳನ್ನೇ ಹಬ್ಬು ತಿಂದುಹಾಕುತ್ತದೆ. ಕಾರ್ಕ್ ಪ್ಲೇಟುಗಳನ್ನು ಒಣಗಿದ್ದಂತೆಯೇ ಕೂರಿಸದೆ ಮೊದಲು ಎಣ್ಣೆಯಲ್ಲಿ ನೆನೆಸಬೇಕು.

1996ರಲ್ಲಿ ಕಾರ್ಖಾನೆ ಮುಚ್ಚಿತು. ಅಸಲಿ ಬಿಡಿಭಾಗ ಅಪರೂಪವಾದಂತೆ ಈ ರಿಪೇರಿ ವಿದ್ಯೆಯ ಬೆಲೆ ಏರಿತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಹೊಗೆಯುಗುಳುತ್ತ ಸೇರುವ ಹಳೆಯ ಬೈಕುಗಳು ಓಡುತ್ತಿರುವುದು ಇಂಥ ಕೈಗಳಿಂದಲೇ. 2018ರಲ್ಲಿ ಮರಳಿ ಬಂದ ಜಾವಾ ಫೋರ್‌ಸ್ಟ್ರೋಕ್ ಗಾಡಿ. ಅದರ ಕ್ಲಚ್ ಹಳೆಯದಕ್ಕೆ ಕೂರದು. ಅದಕ್ಕೇ ಗುಜರಿಗೆ ಹೋದ ಯೆಜ್ಡಿಯಲ್ಲೂ ಮೆಕ್ಯಾನಿಕ್ಕುಗಳು ಇವತ್ತಿಗೂ ಮೊದಲು ಹುಡುಕುವ ಭಾಗಗಳಲ್ಲಿ ಸವೆಯದ ಹಬ್ಬೂ ಒಂದು.