ಸೇಂಟ್ ಮೇರೀಸ್ ದ್ವೀಪದ ದೋಣಿ ಪ್ರಯಾಣ

ಸೇಂಟ್ ಮೇರೀಸ್ ದ್ವೀಪದ ದೋಣಿ ಪ್ರಯಾಣವು ಕರ್ನಾಟಕದ ಕರಾವಳಿ ಪಟ್ಟಣವಾದ ಮಲ್ಪೆಯಿಂದ ಅರಬ್ಬೀ ಸಮುದ್ರದ ಸೇಂಟ್ ಮೇರೀಸ್ ದ್ವೀಪಸಮೂಹಕ್ಕೆ ನಡೆಯುವ ಕಿರು ಸಮುದ್ರಯಾನವಾಗಿದೆ. ಉಡುಪಿ ಜಿಲ್ಲೆಯ ಈ ದ್ವೀಪಗಳು ಕಂಬಗಳಂತೆ ನಿಂತಿರುವ ಅಗ್ನಿಶಿಲೆಗಳಿಗೆ ಪ್ರಸಿದ್ಧವಾಗಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಹೆಸರು ಮತ್ತು ಇತಿಹಾಸ

ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿಗೆ ಬಂದು, ಸ್ಮಾರಕ ಸ್ತಂಭವೊಂದನ್ನು ನೆಟ್ಟು, ಮೇರಿ ಮಾತೆಯ ಹೆಸರನ್ನಿಟ್ಟನೆಂಬ ಪ್ರತೀತಿಯಿದೆ. ಸಮೂಹದಲ್ಲಿ ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಢ ಮತ್ತು ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯ ದ್ವೀಪಗಳಿವೆ. ಪ್ರವಾಸಿಗರು ಸಾಮಾನ್ಯವಾಗಿ ತೆಂಗಿನ ದ್ವೀಪಕ್ಕೆ ತೆರಳುತ್ತಾರೆ.

ಶಿಲಾಕಂಬಗಳು

ಲಾವಾರಸವು ತಣಿದು ಕುಗ್ಗುವಾಗ ಅದರಲ್ಲಿ ಬಿರುಕುಗಳು ಮೂಡುತ್ತವೆ. ಈ ಬಿರುಕುಗಳು ಒಂದಕ್ಕೊಂದು ಕೂಡಿದಾಗ ಬಹುಭುಜಾಕೃತಿಯ ಕಂಬಗಳು ರೂಪುಗೊಳ್ಳುತ್ತವೆ. ಇಲ್ಲಿನ ಕಂಬಗಳಲ್ಲಿ ಆರು ಮುಖಗಳುಳ್ಳವು ಹೆಚ್ಚು. ಈ ಶಿಲೆಗಳ ವಯಸ್ಸು ಸುಮಾರು 8.8 ಕೋಟಿ ವರ್ಷಗಳೆಂದು ಅಂದಾಜಿಸಲಾಗಿದೆ. ಮಡಗಾಸ್ಕರ್‌ನ ಜ್ವಾಲಾಮುಖಿ ಶಿಲೆಗಳ ವಯಸ್ಸೂ ಇದಕ್ಕೆ ಹೊಂದಿಕೆಯಾಗುತ್ತದೆ. ಆದ್ದರಿಂದ ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಭಾಗವಾಗಿದ್ದು ಬಳಿಕ ಬೇರ್ಪಟ್ಟವೆಂಬುದಕ್ಕೆ ಈ ದ್ವೀಪಗಳು ಪುರಾವೆಯಾಗಿವೆ.

ಪ್ರಯಾಣ

ಮಲ್ಪೆಯು ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿದೆ. ಚಳ್ಳಕೆರೆ, ಮೊಳಕಾಲ್ಮೂರಿನಂತಹ ಒಳನಾಡಿನ ತಾಲೂಕುಗಳಿಂದ ಬರುವವರು ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿಗಳ ಮೂಲಕ ಆಗುಂಬೆ ಘಾಟಿಯನ್ನು ಇಳಿದು ಇಲ್ಲಿಗೆ ತಲುಪಬಹುದು. ದ್ವೀಪದ ಬಳಿ ನೀರಿನ ಆಳ ಕಡಿಮೆಯಿರುವ ಕಾರಣ ಪ್ರಯಾಣಿಕರನ್ನು ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಹತ್ತಿಸಿ ದಡ ಸೇರಿಸುವ ರೂಢಿಯಿದೆ. ನೈರುತ್ಯ ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗುವುದರಿಂದ ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿ ದೋಣಿಗಳು ಸಂಚರಿಸುವುದಿಲ್ಲ.

ಸುರಕ್ಷತೆ ಮತ್ತು ಸಂರಕ್ಷಣೆ

ದ್ವೀಪದಲ್ಲಿ ಜನವಸತಿಯಿಲ್ಲ, ರಾತ್ರಿ ತಂಗಲು ಅವಕಾಶವೂ ಇಲ್ಲ. ಅಲೆಗಳಿಂದ ತೊಯ್ದ, ಪಾಚಿಗಟ್ಟಿದ ಬಂಡೆಗಳು ಜಾರುತ್ತವೆ ಮತ್ತು ಬಂಡೆಗಳ ಅಂಚಿನಲ್ಲಿ ನೀರು ಒಮ್ಮೆಲೇ ಆಳವಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಕಂಬಗಳ ಮೇಲೆ ಹೆಸರು ಕೆತ್ತುವುದು, ಕಲ್ಲು ಒಡೆಯುವುದು ಮತ್ತು ಪ್ಲಾಸ್ಟಿಕ್ ಎಸೆಯುವುದರಿಂದ ಸ್ಮಾರಕಕ್ಕೆ ಹಾನಿಯಾಗುತ್ತದೆ. ಒಮ್ಮೆ ಮುರಿದ ಕಂಬ ಮತ್ತೆ ಬೆಳೆಯುವುದಿಲ್ಲ.

ಮಲ್ಪೆ ಪಟ್ಟಣ

ಮಲ್ಪೆಯು ಕರ್ನಾಟಕದ ಪ್ರಮುಖ ಮೀನುಗಾರಿಕಾ ಬಂದರುಗಳಲ್ಲಿ ಒಂದಾಗಿದ್ದು, ಉದ್ಯಾವರ ನದಿಯ ಅಳಿವೆಯ ಬಳಿಯಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ದೊಡ್ಡ ದೋಣಿಗಳು ಬಂದರಿನಲ್ಲೇ ಲಂಗರು ಹಾಕಿರುತ್ತವೆ. ಸಮೀಪದ ವಡಭಾಂಡೇಶ್ವರದಲ್ಲಿ ಬಲರಾಮನ ದೇವಾಲಯವಿದೆ. ಬಿರುಗಾಳಿಗೆ ಸಿಲುಕಿದ ಹಡಗನ್ನು ಮಧ್ವಾಚಾರ್ಯರು ಈ ಕಡಲತೀರದಲ್ಲಿ ಪಾರುಮಾಡಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ದೊರೆತ ಕೃಷ್ಣನ ವಿಗ್ರಹವನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರು ಎಂಬುದು ಸಂಪ್ರದಾಯದ ಕಥೆ.